ಓಪನ್ ವಿಸ್ವಿಚ್: ಕಟ್ಟುವುದು, ಪರೀಕ್ಷಿಸುವುದು, ನಿರ್ವಹಿಸುವುದು

ಓಪನ್ ವಿಸ್ವಿಚ್ ಬಳಸುವ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹೊಸ ಆವೃತ್ತಿ ಬಂದಿದೆ, ಅಥವಾ ನಾವೇ ಒಂದು ಪ್ಯಾಚ್ ಸೇರಿಸಿದ್ದೇವೆ. ಪರೀಕ್ಷೆಗಳೆಲ್ಲ ‘ಓಕೆ’ ಎನ್ನುತ್ತಿವೆ. ಇದನ್ನು ನಿಜವಾದ ಜಾಲದಲ್ಲಿ ಧೈರ್ಯವಾಗಿ ಓಡಿಸಬಹುದೇ? ಇದಕ್ಕೆ ಉತ್ತರ ಕೊಡುವ ಮೊದಲು, ಓಕೆ ಎಂದದ್ದು ಯಾವ ಪರೀಕ್ಷೆ, ಅದು ಪ್ಯಾಕೆಟ್ಟನ್ನು ಯಾವ ದಾರಿಯಲ್ಲಿ ಹಾಯಿಸಿ ನೋಡಿತು ಎಂದು ಮರಳಿ ಕೇಳಬೇಕಾಗುತ್ತದೆ. ಈ ತಂತ್ರಾಂಶದಲ್ಲಿ ಪ್ಯಾಕೆಟ್ ಸಾಗುವ ದಾರಿ ಒಂದೇ ಅಲ್ಲ. ಒಂದು ದಾರಿಯ ಪರೀಕ್ಷೆ ಇನ್ನೊಂದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಮುಂದಿನ ಹಂತಗಳನ್ನು ಈ ಒಂದು ವಿಷಯವನ್ನು ಗಮನದಲ್ಲಿಟ್ಟು ಜೋಡಿಸಿದ್ದೇನೆ.

ಮೊದಲು ರಚನೆಯನ್ನು ತಿಳಿದುಕೊಳ್ಳೋಣ. ಓಪನ್ ವಿಸ್ವಿಚ್, ಚಿಕ್ಕದಾಗಿ ಓವಿಎಸ್, ಗಣಕದೊಳಗೆ ತಂತ್ರಾಂಶದ ರೂಪದಲ್ಲಿ ಕೆಲಸ ಮಾಡುವ ಸ್ವಿಚ್. ವರ್ಚುವಲ್ ಯಂತ್ರಗಳು ಮತ್ತು ಕಂಟೇನರ್‌ಗಳ ನಡುವೆ, ಅವುಗಳಿಂದ ಹೊರಗಿನ ಜಾಲಕ್ಕೆ ಪ್ಯಾಕೆಟ್‌ಗಳನ್ನು ಸಾಗಿಸುತ್ತದೆ. ಇದರ ಪರವಾನಗಿ ಅಪಾಚೆ 2.0, 2016ರಿಂದ ಲಿನಕ್ಸ್ ಫೌಂಡೇಶನ್ನಿನ ಯೋಜನೆಯಾಗಿದೆ. ಇದರಲ್ಲಿ ಎರಡು ಡೀಮನ್‌ಗಳಿವೆ, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂಗಳು. ಓವಿಎಸ್‌ಡಿಬಿ-ಸರ್ವರ್ ಸ್ವಿಚ್ಚಿನ ಸಂರಚನೆಯನ್ನು ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಓವಿಎಸ್-ವಿಸ್ವಿಚ್‌ಡಿ ಆ ಸಂರಚನೆಯನ್ನೂ ಓಪನ್‌ಫ್ಲೋ (ಸ್ವಿಚ್‌ಗೆ ನಿಯಮಗಳನ್ನು ಹೇಳುವ ಒಂದು ಪ್ರೋಟೋಕಾಲ್) ನಿಯಮಗಳನ್ನೂ ಓದಿ ಯಾವ ಪ್ಯಾಕೆಟ್ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುತ್ತದೆ. ಪ್ಯಾಕೆಟ್ಟನ್ನು ನಿಜವಾಗಿ ಸಾಗಿಸುವ ಭಾಗಕ್ಕೆ ಡೇಟಾಪಾತ್ ಎಂದು ಹೆಸರು. ಡೇಟಾಪಾತ್‌ಗೆ ಗೊತ್ತಿಲ್ಲದ ಪ್ಯಾಕೆಟ್ ಬಂದರೆ ಅದನ್ನು ಮೇಲಿರುವ ಓವಿಎಸ್-ವಿಸ್ವಿಚ್‌ಡಿ ಡೀಮನ್‌ಗೆ ಒಪ್ಪಿಸುತ್ತದೆ, ಇದಕ್ಕೆ ಅಪ್‌ಕಾಲ್ ಎನ್ನುತ್ತಾರೆ. ಡೀಮನ್ ತೀರ್ಮಾನಿಸಿ ಒಂದು ಫ್ಲೋವನ್ನು, ಅಂದರೆ ‘ಇಂಥ ಪ್ಯಾಕೆಟ್ ಬಂದರೆ ಹೀಗೆ ಮಾಡು’ ಎಂಬ ನಮೂದನ್ನು, ಡೇಟಾಪಾತ್‌ನಲ್ಲಿ ಕೂರಿಸುತ್ತದೆ. ಅನಂತರದ ಅಂಥವೇ ಪ್ಯಾಕೆಟ್‌ಗಳು ಮೇಲಕ್ಕೆ ಹೋಗದೆ ಕೆಳಗೇ ಹರಿದುಹೋಗುತ್ತವೆ.

ಡೇಟಾಪಾತ್‌ಗಳಲ್ಲಿ ಲಿನಕ್ಸ್ ಕರ್ನಲ್‌ನೊಳಗಿನದು ಒಂದು, ಕರ್ನಲ್ಲಿನ ಹೊರಗೆ ಸಾಮಾನ್ಯ ಪ್ರೋಗ್ರಾಂನಂತೆ ಓಡುವ ಯೂಸರ್‌ಸ್ಪೇಸ್ ಡೇಟಾಪಾತ್ ಇನ್ನೊಂದು. ಎರಡನೆಯದನ್ನು ಸಾಮಾನ್ಯವಾಗಿ ವೇಗಕ್ಕಾಗಿ ಡಿಪಿಡಿಕೆ ಎಂಬ ಲೈಬ್ರರಿಯ ಜೊತೆ ಬಳಸುತ್ತಾರೆ. ಇವಲ್ಲದೆ ಪರೀಕ್ಷೆಗೆಂದೇ ಮಾಡಿದ ‘ಡಮ್ಮಿ’ ಡೇಟಾಪಾತ್ ಇದೆ. ಅದರಲ್ಲಿ ನಿಜವಾದ ಜಾಲ ಸಾಧನವೇ ಇರುವುದಿಲ್ಲ.

ನಿಮಗೆ ಬೇಕಾದದ್ದು: ಕೆಟ್ಟರೂ ಚಿಂತೆಯಿಲ್ಲದ ಒಂದು ಲಿನಕ್ಸ್ ವರ್ಚುವಲ್ ಯಂತ್ರ, ಗಿಟ್, ಸಿ ಕಂಪೈಲರ್, ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಮತ್ತು ಪೈಥಾನ್ 3. ಆಜ್ಞೆಗಳನ್ನು ಇಲ್ಲಿ ಓದಿಕೊಳ್ಳುವ ರೀತಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ರೋಮನ್ ಅಕ್ಷರಗಳಲ್ಲಿ ಟೈಪಿಸಬೇಕು.

1. ಯಾವ ಬ್ರಾಂಚ್ ಎಂಬುದನ್ನು ಮೊದಲು ನಿರ್ಧರಿಸಿ

ಹೊಸ ಸೌಲಭ್ಯಗಳೆಲ್ಲ ‘ಮೇನ್’ ಎಂಬ ಮುಖ್ಯ ಬ್ರಾಂಚಿಗೆ ಸೇರುತ್ತವೆ. ಸುಮಾರು ಆರು ತಿಂಗಳಿಗೊಮ್ಮೆ ಅದರಿಂದ ಒಂದು ಬಿಡುಗಡೆಯ ಬ್ರಾಂಚ್ ಕವಲೊಡೆಯುತ್ತದೆ; ಆಮೇಲೆ ಆ ಬ್ರಾಂಚಿಗೆ ದೋಷ ಪರಿಹಾರಗಳು ಮಾತ್ರ ಹೋಗುತ್ತವೆ. ಕೆಲವು ಆವೃತ್ತಿಗಳನ್ನು ದೀರ್ಘಾವಧಿ ಬೆಂಬಲದವು ಎಂದು ಗುರುತಿಸಲಾಗುತ್ತದೆ; ಮೊದಲು 2.17, ಅದರ ಬಳಿಕ 3.3 ಹಾಗೆ ಗುರುತಿಸಲ್ಪಟ್ಟವು. ನಿಮ್ಮ ಕೆಲಸ ಸ್ವಿಚ್ಚನ್ನು ಓಡಿಸುವುದೇ ಆಗಿದ್ದರೆ ದೀರ್ಘಾವಧಿ ಬ್ರಾಂಚಿನಲ್ಲಿರಿ. ಕೋಡ್ ತಿದ್ದುವ ಉದ್ದೇಶವಿದ್ದರೆ ಮೇನ್‌ನಲ್ಲಿ ಕೆಲಸ ಮಾಡಿ, ಏಕೆಂದರೆ ಪರಿಹಾರ ಮೊದಲು ಅಲ್ಲಿಗೇ ಸೇರಬೇಕು. ಆವೃತ್ತಿ ಸಂಖ್ಯೆಯ ಕೊನೆಯಲ್ಲಿ 90 ಕಂಡರೆ ಅದು ಅಭಿವೃದ್ಧಿಯ ಹಂತದ ಕೋಡ್ ಎಂದು ತಿಳಿಯಿರಿ.

ಹಳೆಯ ಟಿಪ್ಪಣಿಗಳನ್ನು ಇಟ್ಟುಕೊಂಡು ಕೆಲಸ ಮಾಡುವವರು ಇಲ್ಲಿ ಎಡವುವುದುಂಟು. ಕರ್ನಲ್ ಡೇಟಾಪಾತ್ ಆಗಿ ಕೆಲಸ ಮಾಡುವ ಕರ್ನಲ್ ಮಾಡ್ಯೂಲ್ 2012ರಲ್ಲಿ ಬಂದ ಲಿನಕ್ಸ್ 3.3ರಿಂದಲೇ ಲಿನಕ್ಸ್ ಕರ್ನಲ್ಲಿನ ಭಾಗವಾಗಿದೆ. ಅದರ ಜೊತೆಗೆ ಓವಿಎಸ್ ತನ್ನದೇ ಒಂದು ಪ್ರತಿಯನ್ನೂ ಬಹುಕಾಲ ಹೊತ್ತುಕೊಂಡಿತ್ತು, 2022ರ 3.0 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಹಾಗಾಗಿ ಹೊಸ ಆವೃತ್ತಿಗಳಲ್ಲಿ ‘ಮಾಡ್ಯೂಲನ್ನೂ ಕಂಪೈಲ್ ಮಾಡಿ’ ಎಂಬ ಹಳೆಯ ಸೂಚನೆ ಅನ್ವಯಿಸುವುದಿಲ್ಲ. ಇನ್ನೊಂದು ಪರಿಣಾಮ ಇದಕ್ಕಿಂತ ಮುಖ್ಯ: ಓವಿಎಸ್ ಆವೃತ್ತಿ ಬದಲಾಯಿಸಿದ ಮಾತ್ರಕ್ಕೆ ಕರ್ನಲ್ ಡೇಟಾಪಾತ್ ಬದಲಾಗುವುದಿಲ್ಲ, ಅದರ ದೋಷ ಸರಿಯಾಗಬೇಕಾದರೆ ಕರ್ನಲ್ಲನ್ನೇ ನವೀಕರಿಸಬೇಕು.

2. ಸೋರ್ಸ್‌ನಿಂದ ಕಟ್ಟಿ

ಗಿಟ್ ಕ್ಲೋನ್ ಮಾಡಿದ ಕೋಶದೊಳಗೆ ಮೊದಲು ಬೂಟ್.ಎಸ್‌ಎಚ್, ಅನಂತರ ಕಾನ್ಫಿಗರ್, ಆಮೇಲೆ ಮೇಕ್ ಓಡಿಸಬೇಕು. ಬೂಟ್.ಎಸ್‌ಎಚ್ ಕಾನ್ಫಿಗರ್ ಕಡತವನ್ನು ತಯಾರಿಸುತ್ತದೆ; ಬಿಡುಗಡೆಯ ಸಂಕುಚಿತ ಕಡತ ಇಳಿಸಿಕೊಂಡವರಿಗೆ ಇದರ ಅಗತ್ಯವಿಲ್ಲ. ಕೋಡ್ ತಿದ್ದುವವರು ಕಾನ್ಫಿಗರ್‌ಗೆ ‘ಎನೇಬಲ್-ವೆರರ್’ ಆಯ್ಕೆಯನ್ನು ಕೊಡುವುದು ಒಳ್ಳೆಯದು. ಆಗ ಕಂಪೈಲರ್ ಕೊಡುವ ಪ್ರತಿ ಎಚ್ಚರಿಕೆಯೂ ದೋಷವೆಂದೇ ಎಣಿಕೆಯಾಗಿ ಕಟ್ಟುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎಚ್ಚರಿಕೆ: ಯಂತ್ರದಲ್ಲಿ ವಿತರಣೆಯ ಪ್ಯಾಕೇಜಾಗಿ ಓವಿಎಸ್ ಮೊದಲೇ ಇದ್ದರೆ, ನೀವು ಕಟ್ಟಿದ ಪ್ರತಿಯನ್ನು ಮೇಕ್ ಇನ್‌ಸ್ಟಾಲ್ ಮಾಡಿದಾಗ ಎರಡು ಪ್ರತಿಗಳು ಒಟ್ಟಿಗೆ ಇರುತ್ತವೆ. ಕಾನ್ಫಿಗರ್‌ಗೆ ಏನನ್ನೂ ಹೇಳದಿದ್ದರೆ ಹೊಸದು ಯುಎಸ್‌ಆರ್/ಲೋಕಲ್ ಅಡಿಯಲ್ಲಿ ಕೂರುತ್ತದೆ. ಅದರ ಡೇಟಾಬೇಸೂ ಸಾಕೆಟ್ಟೂ ಬೇರೆ ಜಾಗದಲ್ಲಿರುತ್ತವೆ. ಆಗ ಸೇರಿಸಿದ ಬ್ರಿಡ್ಜ್ (ಓವಿಎಸ್‌ನೊಳಗೆ ನಾವು ರಚಿಸುವ ಒಂದೊಂದು ಸ್ವಿಚ್) ಕಾಣುವುದಿಲ್ಲ, ಕಾಣುವ ಬ್ರಿಡ್ಜ್ ಅಳಿಸಲಾಗುವುದಿಲ್ಲ ಎಂಬ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಪ್ಯಾಕೇಜಿನ ಜಾಗಗಳನ್ನೇ ಪ್ರಿಫಿಕ್ಸ್, ಲೋಕಲ್‌ಸ್ಟೇಟ್‌ಡಿರ್ ಮತ್ತು ಸಿಸ್‌ಕಾನ್ಫ್‌ಡಿರ್ ಆಯ್ಕೆಗಳಲ್ಲಿ ಕೊಡಿ, ಇಲ್ಲವೇ ಪ್ಯಾಕೇಜನ್ನು ಮೊದಲು ತೆಗೆಯಿರಿ. ಬರೀ ಪರೀಕ್ಷಿಸುವುದಕ್ಕಾದರೆ ಇನ್‌ಸ್ಟಾಲ್ ಮಾಡಬೇಕಾದ ಅಗತ್ಯವೇ ಇಲ್ಲ.

ಹೊಸಬರಿಗೆ ನಾನು ಹೇಳುವುದು, ಈ ಹಂತದಲ್ಲಿ ಒಮ್ಮೆ ‘ಮೇಕ್ ಸ್ಯಾಂಡ್‌ಬಾಕ್ಸ್’ ಓಡಿಸಿ ನೋಡಿ ಎಂದು. ರೂಟ್ ಅಧಿಕಾರವಿಲ್ಲದೆ, ಯಂತ್ರದ ನಿಜವಾದ ಜಾಲವನ್ನು ಮುಟ್ಟದೆ, ಡಮ್ಮಿ ಡೇಟಾಪಾತ್ ಇರುವ ಒಂದು ಶೆಲ್ ತೆರೆದುಕೊಳ್ಳುತ್ತದೆ. ಬ್ರಿಡ್ಜ್ ಸೇರಿಸುವುದು, ಫ್ಲೋ ಬರೆಯುವುದು ಇವೆಲ್ಲವನ್ನೂ ಅಲ್ಲಿ ಭಯವಿಲ್ಲದೆ ಕಲಿಯಬಹುದು.

3. ಮೊದಲ ಸುತ್ತು: ಮೇಕ್ ಚೆಕ್

‘ಮೇಕ್ ಚೆಕ್’ ಎಂದರೆ ಓವಿಎಸ್‌ನ ಮೂಲ ಪರೀಕ್ಷಾ ಸಮೂಹ ಓಡುತ್ತದೆ. ಇದು ಗ್ನೂ ಆಟೋಟೆಸ್ಟ್ ಎಂಬ ಚೌಕಟ್ಟಿನಲ್ಲಿದೆ. ಟೆಸ್ಟ್ಸ್ ಕೋಶದಲ್ಲಿರುವ, ‘.ಎಟಿ’ ಎಂದು ಕೊನೆಯಾಗುವ ಕಡತಗಳಲ್ಲಿ ಪರೀಕ್ಷೆಗಳನ್ನು ಬರೆಯಲಾಗಿದೆ. ಒಂದೊಂದಾಗಿ ಓಡಿಸಿದರೆ ಬಹಳ ಹೊತ್ತು ಹಿಡಿಯುವುದರಿಂದ ‘ಟೆಸ್ಟ್‌ಸೂಟ್‌ಫ್ಲ್ಯಾಗ್ಸ್’ ಎಂಬ ಚರಕ್ಕೆ ‘-ಜೆ8’ ಎಂದು ಕೊಟ್ಟು ಎಂಟು ಪರೀಕ್ಷೆಗಳನ್ನು ಏಕಕಾಲಕ್ಕೆ ನಡೆಸಬಹುದು. ಒಂದೇ ವಿಷಯದವು ಸಾಕಾದರೆ ‘-ಕೆ’ ಜೊತೆ ಕೀಲಿಪದ ಕೊಡಿ. ಪರೀಕ್ಷೆಯ ಕ್ರಮಸಂಖ್ಯೆಯನ್ನು ಕೊಟ್ಟು ಓಡಿಸುವ ಸೌಲಭ್ಯವೂ ಇದೆ, ಆದರೆ ಹೊಸ ಪರೀಕ್ಷೆ ಸೇರಿದಾಗಲೆಲ್ಲ ಆ ಸಂಖ್ಯೆಗಳು ಜಾರುತ್ತವೆ. ಸಹೋದ್ಯೋಗಿಗೆ ‘ಇಷ್ಟನೆಯ ಪರೀಕ್ಷೆ ಸೋಲುತ್ತಿದೆ’ ಎಂದು ಬರೆಯಬೇಡಿ, ಪರೀಕ್ಷೆಯ ಹೆಸರನ್ನೇ ಬರೆಯಿರಿ.

ಇಲ್ಲಿನ ಬಹುಪಾಲು ಪರೀಕ್ಷೆಗಳು ಡಮ್ಮಿ ಡೇಟಾಪಾತ್ ಮೇಲೆ ನಡೆಯುತ್ತವೆ. ಡೀಮನ್‌ನ ತೀರ್ಮಾನ ಸರಿಯಿದೆಯೇ, ಡೇಟಾಬೇಸ್ ಸರಿಯಾಗಿ ವರ್ತಿಸುತ್ತದೆಯೇ, ಓಪನ್‌ಫ್ಲೋ ಸಂದೇಶಗಳು ಸರಿಯಾಗಿ ಅರ್ಥವಾಗುತ್ತವೆಯೇ ಎಂಬುದಕ್ಕೆ ಇವು ಬಹಳ ಒಳ್ಳೆಯ ಸಾಕ್ಷಿ. ಕರ್ನಲ್ ಆ ತೀರ್ಮಾನವನ್ನು ಪಾಲಿಸುತ್ತದೆಯೇ ಎಂಬುದಕ್ಕೆ ಇವು ಸಾಕ್ಷಿಯೇ ಅಲ್ಲ. ಮೇಕ್ ಚೆಕ್‌ನಲ್ಲಿ ಪೂರ್ತಿ ತೇರ್ಗಡೆಯಾದ ಓವಿಎಸ್ ಪ್ರತಿಯೂ ನಿಮ್ಮ ಯಂತ್ರದಲ್ಲಿ ಒಂದೂ ಪ್ಯಾಕೆಟ್ ಸಾಗಿಸದೆ ಇರಲು ಸಾಧ್ಯವಿದೆ.

ಫಲಿತಾಂಶದ ಸಾರಾಂಶ ಓದುವಾಗ ‘ಸ್ಕಿಪ್ಡ್’ ಎಂಬ ಸಾಲನ್ನು ತಪ್ಪದೆ ನೋಡಿ. ಪರೀಕ್ಷೆಗೆ ಬೇಕಾದ ಸಾಧನವೋ ಲೈಬ್ರರಿಯೋ ಇಲ್ಲದಿದ್ದರೆ ಅದು ಸೋಲುವುದಿಲ್ಲ, ಬಿಟ್ಟುಹೋಗುತ್ತದೆ ಅಷ್ಟೆ. ಓಪನ್‌ಎಸ್‌ಎಸ್‌ಎಲ್ ಇಲ್ಲದೆ ಕಟ್ಟಿದ ಪ್ರತಿಯಲ್ಲಿ ಎಸ್‌ಎಸ್‌ಎಲ್ ಪರೀಕ್ಷೆಗಳು ಓಡಿರುವುದೇ ಇಲ್ಲ. ಆದರೂ ಒಟ್ಟು ಫಲಿತಾಂಶ ನಿಮ್ಮ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

4. ಸೋತ ಪರೀಕ್ಷೆಯನ್ನು ಓದುವುದು

ಸೋತ ಪ್ರತಿ ಪರೀಕ್ಷೆಗೂ ಟೆಸ್ಟ್ಸ್ ಕೋಶದ ಟೆಸ್ಟ್‌ಸೂಟ್.ಡಿರ್ ಒಳಗೆ ಅದರ ಸಂಖ್ಯೆಯ ಹೆಸರಿನಲ್ಲಿ ಒಂದು ಕೋಶ ಉಳಿದಿರುತ್ತದೆ. ಅದರಲ್ಲಿರುವ ಟೆಸ್ಟ್‌ಸೂಟ್.ಲಾಗ್ ಕಡತವನ್ನು ಮೇಲಿನಿಂದ ಓದಿ. ಆಜ್ಞೆಯೊಂದರ ನಿರೀಕ್ಷಿತ ಉತ್ತರ ಮತ್ತು ಬಂದ ಉತ್ತರದ ನಡುವಿನ ವ್ಯತ್ಯಾಸವನ್ನು ಅದು ಡಿಫ್ ರೂಪದಲ್ಲಿ ತೋರಿಸುತ್ತದೆ. ಮೈನಸ್ ಗುರುತಿನ ಸಾಲು ನಿರೀಕ್ಷಿಸಿದ್ದು, ಪ್ಲಸ್ ಗುರುತಿನದು ನಿಜವಾಗಿ ಬಂದದ್ದು. ಇದನ್ನು ತಲೆಕೆಳಗಾಗಿ ಓದಿಕೊಂಡು ಕಾರಣ ಹುಡುಕುತ್ತ ಕೂರುವವರು ಕಡಿಮೆಯಿಲ್ಲ. ಗೆದ್ದ ಪರೀಕ್ಷೆಯ ಕೋಶ ಅಳಿದುಹೋಗುತ್ತದೆ; ಹೋಲಿಸಿ ನೋಡಲು ಅದೂ ಬೇಕಿದ್ದರೆ ‘-ಡಿ’ ಆಯ್ಕೆ ಕೊಡಿ.

ಹೊಸಬರನ್ನು ಹೆಚ್ಚು ಗೊಂದಲಕ್ಕೀಡುಮಾಡುವ ಸೋಲು ಬೇರೊಂದಿದೆ. ಪರೀಕ್ಷೆಯ ಎಲ್ಲ ಹೋಲಿಕೆಗಳೂ ಸರಿಯಾಗಿರುತ್ತವೆ, ಆದರೆ ಕೊನೆಯಲ್ಲಿ ಸ್ವಿಚ್ಚನ್ನು ನಿಲ್ಲಿಸುವ ‘ಓವಿಎಸ್_ವಿಸ್ವಿಚ್‌ಡಿ_ಸ್ಟಾಪ್’ ಎಂಬ ಸಾಲಿನಲ್ಲಿ ಸೋಲು ದಾಖಲಾಗಿರುತ್ತದೆ. ಈ ಮ್ಯಾಕ್ರೋ, ಅಂದರೆ ಒಂದು ಹೆಸರಿನಡಿ ಕಟ್ಟಿಟ್ಟ ಆಜ್ಞೆಗಳ ಗುಂಪು, ಡೀಮನ್‌ಗಳನ್ನು ನಿಲ್ಲಿಸುವುದಷ್ಟೇ ಅಲ್ಲದೆ ಅವುಗಳ ಲಾಗ್ ಕಡತಗಳನ್ನೂ ಶೋಧಿಸುತ್ತದೆ. ನಿರೀಕ್ಷಿಸದ ಒಂದು ಎಚ್ಚರಿಕೆಯ ಸಾಲಿದ್ದರೂ ಪರೀಕ್ಷೆಯನ್ನು ಸೋಲಿಸುತ್ತದೆ. ಇದು ಅತಿ ಕಟ್ಟುನಿಟ್ಟು ಎನಿಸಬಹುದು. ನನ್ನ ಅಭಿಪ್ರಾಯದಲ್ಲಿ ಇಡೀ ಸಮೂಹದಲ್ಲಿರುವ ಅತ್ಯಂತ ಬೆಲೆಬಾಳುವ ತಪಾಸಣೆ ಇದೇ. ಆ ಎಚ್ಚರಿಕೆ ಪರೀಕ್ಷೆಯ ಸಹಜ ಭಾಗವೆಂದು ಖಚಿತವಾದರೆ ಮಾತ್ರ ಅದೊಂದೇ ಸಾಲನ್ನು ಸೋಸುವ ಪ್ಯಾಟರ್ನನ್ನು ಮ್ಯಾಕ್ರೋಗೆ ಕೊಡಿ. ಎಲ್ಲ ಎಚ್ಚರಿಕೆಗಳನ್ನೂ ನುಂಗುವ ಪ್ಯಾಟರ್ನ್ ಬರೆದರೆ ತಪಾಸಣೆಯನ್ನೇ ತೆಗೆದುಹಾಕಿದಂತೆ.

ಕೆಲವು ಪರೀಕ್ಷೆಗಳು ಒಮ್ಮೆ ಸೋತು ಒಮ್ಮೆ ಗೆಲ್ಲುತ್ತವೆ. ಯಂತ್ರದ ಮೇಲೆ ಹೊರೆ ಹೆಚ್ಚಾದಾಗ, ಕಾಯುವ ಅವಧಿ ಮುಗಿದು ಹೀಗಾಗುವುದು ಸಾಮಾನ್ಯ. ಮೊದಲು ‘-ಜೆ’ ಸಂಖ್ಯೆಯನ್ನು ತಗ್ಗಿಸಿ ನೋಡಿ. ‘ರೀಚೆಕ್=ಯೆಸ್’ ಎಂದು ಕೊಟ್ಟರೆ ಸೋತವುಗಳನ್ನಷ್ಟೇ ಮತ್ತೆ ಓಡಿಸುತ್ತದೆ. ಆದರೆ ಎರಡನೆಯ ಬಾರಿ ಗೆದ್ದಿತೆಂದು ಮರೆತುಬಿಡಬೇಡಿ. ಥ್ರೆಡ್‌ಗಳ ನಡುವಿನ ಪೈಪೋಟಿಯಿಂದ ಹುಟ್ಟುವ ನಿಜವಾದ ದೋಷವೂ ಹೊರಗೆ ಹೀಗೇ ಕಾಣುತ್ತದೆ. ಅದೊಂದನ್ನೇ ಲೂಪ್ ಹಾಕಿ ನೂರಾರು ಬಾರಿ ಓಡಿಸಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ.

5. ನಿಮ್ಮದೇ ಪರೀಕ್ಷೆ ಬರೆಯುವುದು

ದೋಷ ಕಂಡ ತಕ್ಷಣ ಕೋಡ್ ತಿದ್ದಲು ಕೈ ಹಾಕಬೇಡಿ. ಮೊದಲು ಆ ದೋಷದಿಂದಾಗಿ ಸೋಲುವ ಪರೀಕ್ಷೆಯೊಂದನ್ನು ಬರೆಯಿರಿ. ತಿದ್ದುವ ಮೊದಲು ಸೋಲದ ಪರೀಕ್ಷೆ, ತಿದ್ದಿದ ಮೇಲೆ ಗೆದ್ದರೂ ಏನನ್ನೂ ಸಾಬೀತುಪಡಿಸುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಂದು ಬ್ರಿಡ್ಜ್, ಮೂರು ಪೋರ್ಟ್‌ಗಳು; ಪಿ1 ಮತ್ತು ಪಿ2 ವಿಲ್ಯಾನ್ 10ಕ್ಕೆ ಸೇರಿವೆ, ಪಿ3 ವಿಲ್ಯಾನ್ 20ಕ್ಕೆ. ವಿಲ್ಯಾನ್ ಎಂದರೆ ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ವಿಭಾಗಿಸುವ ವಿಧಾನ. ಪಿ1ರಿಂದ ಬ್ರಾಡ್‌ಕಾಸ್ಟ್ ಪ್ಯಾಕೆಟ್, ಅಂದರೆ ಜಾಲದಲ್ಲಿರುವ ಎಲ್ಲರಿಗೂ ಕಳಿಸಿದ ಪ್ಯಾಕೆಟ್, ಬಂದರೆ ಅದು ಪಿ3ಕ್ಕೆ ಹೋಗಬಾರದು ಎಂಬುದನ್ನು ಪರೀಕ್ಷಿಸಬೇಕಾಗಿದೆ.

‘ಎಟಿ_ಸೆಟಪ್’ನಲ್ಲಿ ಪರೀಕ್ಷೆಗೆ ಹೆಸರು ಕೊಡಿ. ‘ಓವಿಎಸ್_ವಿಸ್ವಿಚ್‌ಡಿ_ಸ್ಟಾರ್ಟ್’ ಮ್ಯಾಕ್ರೋ ಎರಡೂ ಡೀಮನ್‌ಗಳನ್ನು ಪ್ರಾರಂಭಿಸಿ, ಬಿಆರ್0 ಎಂಬ ಡಮ್ಮಿ ಬ್ರಿಡ್ಜನ್ನು ಸಿದ್ಧಪಡಿಸುತ್ತದೆ. ‘ಆ್ಯಡ್_ಆಫ್_ಪೋರ್ಟ್ಸ್’ ಸಹಾಯದಿಂದ ಮೂರು ಪೋರ್ಟ್‌ಗಳನ್ನು ಸೇರಿಸಿ, ಓವಿಎಸ್-ವಿಎಸ್‌ಸಿಟಿಎಲ್ ಆಜ್ಞೆಯಿಂದ ಪ್ರತಿಯೊಂದಕ್ಕೂ ಅದರ ವಿಲ್ಯಾನ್ ಸಂಖ್ಯೆಯನ್ನು ಟ್ಯಾಗ್ ಆಗಿ ಕೊಡಿ. ಅನಂತರ ‘ಓವಿಎಸ್-ಆ್ಯಪ್‌ಸಿಟಿಎಲ್ ಒಎಫ್‌ಪ್ರೋಟೋ/ಟ್ರೇಸ್’ ಎಂಬ ಆಜ್ಞೆಗೆ ಬ್ರಿಡ್ಜಿನ ಹೆಸರನ್ನೂ, ಒಳಬರುವ ಪೋರ್ಟ್ 1 ಎಂದೂ, ಗಮ್ಯ ವಿಳಾಸ ಬ್ರಾಡ್‌ಕಾಸ್ಟ್ ಎಂದೂ ಕೊಡಿ. ಇಂಥ ಪ್ಯಾಕೆಟ್ ಬಂದರೆ ಸ್ವಿಚ್ ಏನು ಮಾಡುತ್ತಿತ್ತು ಎಂಬುದನ್ನು ಈ ಟ್ರೇಸ್ ಹಂತ ಹಂತವಾಗಿ ಹೇಳಿ, ಕೊನೆಯ ‘ಡೇಟಾಪಾತ್ ಆ್ಯಕ್ಷನ್ಸ್’ ಸಾಲಿನಲ್ಲಿ ತೀರ್ಪು ಕೊಡುತ್ತದೆ.

ಮೊದಲ ಬಾರಿ ಓಡಿಸಿದಾಗ ಉತ್ತರ ‘ಡ್ರಾಪ್’ ಎಂದು ಬರುತ್ತದೆ. ಕಾರಣ, ಆ ಮ್ಯಾಕ್ರೋ ಬ್ರಿಡ್ಜಿನ ಫೇಲ್-ಮೋಡ್ ಅನ್ನು ‘ಸೆಕ್ಯೂರ್’ ಎಂದು ಇಟ್ಟಿರುತ್ತದೆ. ಅಂದರೆ ಓಪನ್‌ಫ್ಲೋ ನಿಯಮ ಹೇಳದ ಯಾವ ಪ್ಯಾಕೆಟ್ಟನ್ನೂ ಸ್ವಿಚ್ ಸಾಗಿಸುವುದಿಲ್ಲ. ಓವಿಎಸ್-ಒಎಫ್‌ಸಿಟಿಎಲ್ ಮೂಲಕ ‘ಆ್ಯಕ್ಷನ್=ನಾರ್ಮಲ್’ ಎಂಬ ಒಂದು ಫ್ಲೋ ಸೇರಿಸಬೇಕು. ‘ನಾರ್ಮಲ್’ ಎಂದರೆ ಸಾಮಾನ್ಯ ಸ್ವಿಚ್ಚಿನಂತೆ ಮ್ಯಾಕ್ ವಿಳಾಸಗಳನ್ನು ಕಲಿಯುತ್ತ ವರ್ತಿಸು ಎಂದರ್ಥ.

ಈಗ ಉತ್ತರದಲ್ಲಿ 2 ಎಂಬ ಪೋರ್ಟ್ ಕಾಣುತ್ತದೆ, 3 ಕಾಣುವುದಿಲ್ಲ. ಆದರೆ ಜೊತೆಗೆ, ಪ್ಯಾಕೆಟ್ಟಿಗೆ ವಿಲ್ಯಾನ್ 10ರ ಟ್ಯಾಗ್ ಅಂಟಿಸಿ 100 ಎಂಬ ಪೋರ್ಟಿಗೂ ಕಳಿಸುವ ಕ್ರಿಯೆ ಕಾಣುತ್ತದೆ. ನಾವು 100 ಎಂಬ ಪೋರ್ಟನ್ನು ಸೇರಿಸಿಯೇ ಇಲ್ಲವಲ್ಲ! ಅದು ಬಿಆರ್0 ಬ್ರಿಡ್ಜಿನದೇ ಆಂತರಿಕ ಪೋರ್ಟ್. ಅದಕ್ಕೆ ಯಾವ ಟ್ಯಾಗನ್ನೂ ಕೊಡದೆ ಇದ್ದುದರಿಂದ ಅದು ಟ್ರಂಕ್ ಪೋರ್ಟ್, ಅಂದರೆ ಎಲ್ಲ ವಿಲ್ಯಾನ್‌ಗಳ ಪ್ಯಾಕೆಟ್‌ಗಳೂ ಟ್ಯಾಗ್ ಸಮೇತ ಅಲ್ಲಿಗೆ ತಲುಪುತ್ತವೆ. ಇದು ಪರೀಕ್ಷೆಯ ದೋಷವಲ್ಲ, ಸ್ವಿಚ್ಚಿನ ದೋಷವೂ ಅಲ್ಲ. ನಿಜವಾದ ಜಾಲದಲ್ಲೂ ಹೀಗೇ ಆಗುತ್ತದೆ, ಮತ್ತು ವಿಲ್ಯಾನ್ ಬೇರ್ಪಡಿಸಿದ್ದೇವೆಂದು ನಂಬಿದ ಎಷ್ಟೋ ಆತಿಥೇಯ ಯಂತ್ರಗಳಿಗೆ ಎಲ್ಲ ವಿಲ್ಯಾನ್‌ಗಳ ಬ್ರಾಡ್‌ಕಾಸ್ಟ್ ಬಂದು ಬೀಳುತ್ತಿರುತ್ತದೆ.

ಉತ್ತರದಲ್ಲಿ ಪೋರ್ಟ್‌ಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದನ್ನು ನೆಚ್ಚಬೇಡಿ. ಇಂದು ಬಂದ ಕ್ರಮವನ್ನೇ ನಿರೀಕ್ಷಿತ ಉತ್ತರವಾಗಿ ನಕಲು ಮಾಡಿದರೆ ಮುಂದೊಂದು ದಿನ, ಸಂಬಂಧವೇ ಇಲ್ಲದ ಬದಲಾವಣೆಯಿಂದ ನಿಮ್ಮ ಪರೀಕ್ಷೆ ಸೋಲುತ್ತದೆ. ಹೋಲಿಸುವ ಮೊದಲು ಕ್ರಮವನ್ನು ಏಕರೂಪಗೊಳಿಸಲು ‘ಓವಿಎಸ್-ಡಿಪಿಸಿಟಿಎಲ್ ನಾರ್ಮಲೈಸ್-ಆ್ಯಕ್ಷನ್ಸ್’ ಇದೆ. ಹಳೆಯ ವಿಲ್ಯಾನ್ ಪರೀಕ್ಷೆಗಳಲ್ಲಿ ಅದನ್ನು ಹೇಗೆ ಬಳಸಿದ್ದಾರೆಂದು ನೋಡಿಕೊಳ್ಳಿ.

ಟ್ರೇಸ್ ಬಗ್ಗೆ ಇನ್ನೊಂದು ಮಾತು. ಅದು ಲೆಕ್ಕ ಹಾಕಿ ಹೇಳುತ್ತದೆಯೇ ಹೊರತು ಮ್ಯಾಕ್ ಕೋಷ್ಟಕದಂಥ ಸ್ಥಿತಿಯನ್ನು ಬದಲಾಯಿಸುವುದಿಲ್ಲ. ಬದಲಾಯಿಸಬೇಕಾದರೆ ‘-ಜನರೇಟ್’ ಎಂದು ಕೇಳಬೇಕು. ಕಲಿಕೆಯನ್ನು ಪರೀಕ್ಷಿಸುವುದಾದರೆ ಓವಿಎಸ್-ಆ್ಯಪ್‌ಸಿಟಿಎಲ್‌ನ ‘ನೆಟ್‌ಡೆವ್-ಡಮ್ಮಿ/ರಿಸೀವ್’ ಆಜ್ಞೆಯಿಂದ ಪೋರ್ಟಿಗೆ ಪ್ಯಾಕೆಟ್ಟನ್ನು ಕೊಟ್ಟು, ‘ಎಫ್‌ಡಿಬಿ/ಶೋ’ದಲ್ಲಿ ವಿಳಾಸ ಕಾಣಿಸಿತೇ ಎಂದು ನೋಡಿ.

ಕಾಲಕ್ಕೆ ಸಂಬಂಧಿಸಿದ ಪರೀಕ್ಷೆಗಳಲ್ಲಿ ‘ಸ್ಲೀಪ್’ ಹಾಕಿ ಕಾಯುವ ಅಭ್ಯಾಸವನ್ನು ಬಿಟ್ಟುಬಿಡಿ. ಕಲಿತ ಮ್ಯಾಕ್ ವಿಳಾಸ ಬಳಕೆಯಿಲ್ಲದೆ ಉಳಿದರೆ ಸಾಮಾನ್ಯವಾಗಿ 300 ಸೆಕೆಂಡುಗಳ ಬಳಿಕ ಅಳಿಯುತ್ತದೆ. ಅದಕ್ಕಾಗಿ ಐದು ನಿಮಿಷ ಕಾಯುವ ಪರೀಕ್ಷೆಯನ್ನು ಯಾರೂ ಒಪ್ಪುವುದಿಲ್ಲ. ‘ಟೈಮ್/ಸ್ಟಾಪ್’ ಆಜ್ಞೆ ಡೀಮನ್‌ನ ಗಡಿಯಾರವನ್ನು ನಿಲ್ಲಿಸುತ್ತದೆ, ‘ಟೈಮ್/ವಾರ್ಪ್’ ಅದನ್ನು ನೀವು ಹೇಳಿದಷ್ಟು ಮಿಲಿಸೆಕೆಂಡು ಮುಂದೂಡುತ್ತದೆ. ಯಾವುದಾದರೂ ಘಟನೆಗಾಗಿ ಕಾಯಲೇಬೇಕಿದ್ದರೆ ‘ಓವಿಎಸ್_ವೇಟ್_ಅಂಟಿಲ್’ ಬಳಸಿ. ಷರತ್ತು ಪೂರೈಸಿದೊಡನೆ ಅದು ಮುಂದುವರಿಯುತ್ತದೆ.

6. ನಿಜವಾದ ಡೇಟಾಪಾತ್ ಮೇಲೆ ಪರೀಕ್ಷೆ

ಕರ್ನಲ್ ಡೇಟಾಪಾತ್‌ಗೆ ‘ಮೇಕ್ ಚೆಕ್-ಕರ್ನಲ್’, ಯೂಸರ್‌ಸ್ಪೇಸ್‌ಗೆ ‘ಮೇಕ್ ಚೆಕ್-ಸಿಸ್ಟಮ್-ಯೂಸರ್‌ಸ್ಪೇಸ್’, ಡಿಪಿಡಿಕೆಗೆ ‘ಮೇಕ್ ಚೆಕ್-ಡಿಪಿಡಿಕೆ’, ಹಾರ್ಡ್‌ವೇರ್‌ಗೆ ಹೊರೆ ವರ್ಗಾಯಿಸುವ ದಾರಿಗೆ ‘ಮೇಕ್ ಚೆಕ್-ಆಫ್‌ಲೋಡ್ಸ್’ ಇವೆ. ನೀವು ಬಳಸುವ ದಾರಿ ಯಾವುದೋ ಅದರ ಪರೀಕ್ಷೆ ನಿಮಗೆ ಕಡ್ಡಾಯ. ಇವು ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳನ್ನು, ಅಂದರೆ ಒಂದೇ ಯಂತ್ರದೊಳಗಿನ ಪ್ರತ್ಯೇಕ ಜಾಲ ಪರಿಸರಗಳನ್ನು, ಸೃಷ್ಟಿಸಿ, ವಿಈಟಿಎಚ್ ಎಂಬ ವರ್ಚುವಲ್ ಜೋಡಿ ತಂತಿಗಳಿಂದ ಬ್ರಿಡ್ಜಿಗೆ ಜೋಡಿಸಿ, ನಿಜವಾದ ಪಿಂಗ್ ಮತ್ತು ಟಿಸಿಪಿ ದಟ್ಟಣೆಯನ್ನು ಹರಿಸುತ್ತವೆ.

ಎಚ್ಚರಿಕೆ: ಇವಕ್ಕೆ ರೂಟ್ ಅಧಿಕಾರ ಬೇಕು, ಮತ್ತು ಯಂತ್ರದಲ್ಲಿ ಈಗಾಗಲೇ ಇರುವ ಓವಿಎಸ್ ಸಂರಚನೆಯನ್ನು ಇವು ನಾಶಮಾಡಬಹುದು. ಬಳಕೆಯಲ್ಲಿರುವ ಯಂತ್ರದಲ್ಲಿ ‘ಒಮ್ಮೆ ನೋಡೋಣ’ ಎಂದು ಎಂದಿಗೂ ಓಡಿಸಬೇಡಿ. ಎಲ್ಲ ಪರೀಕ್ಷೆಗಳೂ ಅದೇ ಕರ್ನಲ್ಲನ್ನು ಹಂಚಿಕೊಳ್ಳುವುದರಿಂದ ಚೆಕ್-ಕರ್ನಲ್ ಒಂದಾದ ಮೇಲೊಂದರಂತೆ ನಡೆಯುತ್ತದೆ. ‘-ಜೆ8’ ಎಂದು ಕೊಟ್ಟರೂ ಉಪಯೋಗವಿಲ್ಲ.

ನೀವೇ ನೇಮ್‌ಸ್ಪೇಸ್ ಕಟ್ಟಿ ಕೈಯಾರೆ ಪರೀಕ್ಷಿಸುವಾಗ ಪಿಂಗ್ ಹೋಗಿ ಟಿಸಿಪಿ ಮಾತ್ರ ಸಂಪರ್ಕವಾಗದಿದ್ದರೆ, ಮೊದಲ ಅನುಮಾನ ಚೆಕ್‌ಸಮ್ ಆಫ್‌ಲೋಡ್ ಮೇಲಿರಲಿ. ಚೆಕ್‌ಸಮ್ ಎಂದರೆ ಪ್ಯಾಕೆಟ್ ಕೆಟ್ಟಿಲ್ಲವೆಂದು ಪರಿಶೀಲಿಸುವ ಸಂಖ್ಯೆ; ವಿಈಟಿಎಚ್ ಅದನ್ನು ಮುಂದೆ ಯಾರೋ ತುಂಬುತ್ತಾರೆಂದು ಬಿಟ್ಟಿರಬಹುದು, ಯೂಸರ್‌ಸ್ಪೇಸ್ ಡೇಟಾಪಾತ್‌ನಲ್ಲಿ ಅದು ತುಂಬದೆ ಹೋಗಬಹುದು. ಈಥ್‌ಟೂಲ್ ಮೂಲಕ ಆ ತುದಿಯಲ್ಲಿ ಟಿಎಕ್ಸ್ ಆಫ್‌ಲೋಡ್ ಆರಿಸಿ ನೋಡಿ. ಹಾಗೆಯೇ, ಐಪಿ ವಿಳಾಸವಿರುವ ಭೌತಿಕ ಪೋರ್ಟನ್ನು ಬ್ರಿಡ್ಜಿಗೆ ಸೇರಿಸಿದರೆ ಆ ವಿಳಾಸ ಕೆಲಸ ಮಾಡುವುದು ನಿಲ್ಲುತ್ತದೆ. ಅದನ್ನು ಬ್ರಿಡ್ಜಿನ ಆಂತರಿಕ ಪೋರ್ಟಿಗೆ ವರ್ಗಾಯಿಸಬೇಕು. ದೂರದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಇದನ್ನು ಮಾಡುವವರು ತಮ್ಮ ಸಂಪರ್ಕವನ್ನು ತಾವೇ ಕಡಿದುಕೊಳ್ಳುತ್ತಾರೆ.

ಡಿಪಿಡಿಕೆ ಬಳಸುವವರು ಪ್ರತಿ ಓವಿಎಸ್ ಆವೃತ್ತಿಗೆ ನಿಗದಿಯಾದ ಡಿಪಿಡಿಕೆ ಆವೃತ್ತಿಯನ್ನೇ ಬಳಸಬೇಕು, ಉದಾಹರಣೆಗೆ 2.17ಕ್ಕೆ 21.11, 3.3ಕ್ಕೆ 23.11. ಡಿಪಿಡಿಕೆ ಜೊತೆ ಪ್ಯಾಕೆಟ್‌ಗಳನ್ನು ಸಾಗಿಸುವ ಪಿಎಂಡಿ (ಪೋಲ್ ಮೋಡ್ ಡ್ರೈವರ್) ಥ್ರೆಡ್‌ಗಳು ಸಿಪಿಯುವನ್ನು ಶೇಕಡಾ 100ರಷ್ಟು ಬಳಸುತ್ತಿರುವುದು ದೋಷವಲ್ಲ. ಪ್ಯಾಕೆಟ್ ಬಂದಿದೆಯೇ ಎಂದು ಬಿಡುವಿಲ್ಲದೆ ನೋಡುತ್ತಿರುವುದೇ ಅವುಗಳ ಕೆಲಸ.

7. ಮೆಮೊರಿ ತಪ್ಪುಗಳನ್ನು ಹುಡುಕುವುದು

ಸಿ ಭಾಷೆಯ ಕೋಡ್ ಆದ್ದರಿಂದ ಈ ಹಂತವನ್ನು ಬಿಡುವಂತಿಲ್ಲ. ಅಡ್ರೆಸ್ ಸ್ಯಾನಿಟೈಸರ್ ಸೇರಿಸಿ ಕಟ್ಟಿ ಮೇಕ್ ಚೆಕ್ ಓಡಿಸುವುದು ದಿನನಿತ್ಯಕ್ಕೆ ಸಾಕು. ‘ಮೇಕ್ ಚೆಕ್-ವ್ಯಾಲ್‌ಗ್ರೈಂಡ್’ ಬಹಳ ನಿಧಾನ. ಇಲ್ಲಿ ಗೆದ್ದ ಪರೀಕ್ಷೆಗಳ ಕೋಶವೂ ಉಳಿದು, ವರದಿಗಳು ಪ್ರತಿ ಪರೀಕ್ಷೆಯ ಕೋಶದೊಳಗೆ ಬೀಳುವುದರಿಂದ, ಪರೀಕ್ಷೆ ಗೆದ್ದಿದ್ದರೂ ಅವನ್ನು ತೆರೆದು ಓದಬೇಕು. ಸ್ಪಾರ್ಸ್ ಎಂಬ ವಿಶ್ಲೇಷಕ ಇದ್ದರೆ ‘ಮೇಕ್ ಸಿ=1’ ಎಂದರೆ ಸಾಕು; ಜಾಲದ ಬೈಟ್ ಕ್ರಮವನ್ನೂ ಯಂತ್ರದ ಬೈಟ್ ಕ್ರಮವನ್ನೂ ಬೆರೆಸಿದ ಜಾಗಗಳನ್ನು ಅದು ಹಿಡಿದುಕೊಡುತ್ತದೆ.

8. ದೋಷ ಎಲ್ಲಿ ನುಸುಳಿತೆಂದು ಕಂಡುಹಿಡಿದು ಪ್ಯಾಚ್ ಸಿದ್ಧಪಡಿಸುವುದು

ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದದ್ದು ಈಗ ಕೆಟ್ಟಿದ್ದರೆ ‘ಗಿಟ್ ಬೈಸೆಕ್ಟ್ ರನ್’ ಬಳಸಿ. ಕಟ್ಟಿ, ಹೊಸದಾಗಿ ಬರೆದ ಪರೀಕ್ಷೆಯನ್ನು ಓಡಿಸುವ ಸಣ್ಣ ಸ್ಕ್ರಿಪ್ಟ್ ಕೊಟ್ಟರೆ ಗಿಟ್ ಅರ್ಧ ಅರ್ಧ ಭಾಗಿಸುತ್ತ ತಪ್ಪಿತಸ್ಥ ಕಮಿಟ್‌ಗೆ ತಲುಪುತ್ತದೆ. ನಡುವೆ ಯಾವುದಾದರೂ ಕಮಿಟ್ ಕಟ್ಟಲಾಗದಿದ್ದರೆ ಸ್ಕ್ರಿಪ್ಟ್ 125 ಎಂಬ ನಿರ್ಗಮನ ಸಂಖ್ಯೆ ಕೊಡಬೇಕು. ‘ಇದನ್ನು ಬಿಟ್ಟು ಮುಂದೆ ಹೋಗು’ ಎಂಬುದು ಅದರ ಅರ್ಥ. 1 ಕೊಟ್ಟರೆ ಕಟ್ಟಲಾಗದ್ದನ್ನೂ ಗಿಟ್ ಕೆಟ್ಟದ್ದೆಂದೇ ಎಣಿಸಿ ಸಂಬಂಧವಿಲ್ಲದ ಕಮಿಟ್ಟಿನತ್ತ ಬೆರಳು ತೋರಿಸುತ್ತದೆ.

ಪ್ಯಾಚಿನ ವಿವರಣೆಯಲ್ಲಿ ಏನು ಬದಲಾಯಿಸಿದಿರಿ ಎನ್ನುವುದಕ್ಕಿಂತ ಏಕೆ ಎನ್ನುವುದನ್ನು ಬರೆಯಿರಿ. ‘ಫಿಕ್ಸಸ್’ ಎಂಬ ಸಾಲಿನಲ್ಲಿ ತಪ್ಪಿತಸ್ಥ ಕಮಿಟ್ಟಿನ ಗುರುತಿನ ಮೊದಲ 12 ಅಕ್ಷರಗಳನ್ನೂ ಅದರ ಶೀರ್ಷಿಕೆಯನ್ನೂ ಕೊಡಿ. ಪರಿಹಾರ ಯಾವ ಹಳೆಯ ಬ್ರಾಂಚ್‌ಗಳವರೆಗೆ ಹೋಗಬೇಕೆಂದು ನಿರ್ವಾಹಕರು ನಿರ್ಧರಿಸುವುದು ಇದರಿಂದಲೇ. ‘ಸೈನ್ಡ್-ಆಫ್-ಬೈ’ ಸಾಲು ಕಡ್ಡಾಯ. ಈ ಕೋಡನ್ನು ಕೊಡುವ ಹಕ್ಕು ನಿಮಗಿದೆ ಎಂಬ ಘೋಷಣೆ ಅದು. ಕಳಿಸುವ ಮೊದಲು ಯುಟಿಲಿಟೀಸ್ ಕೋಶದಲ್ಲಿರುವ ಚೆಕ್‌ಪ್ಯಾಚ್.ಪಿವೈ ಓಡಿಸಿ, ಸಾಲು 79 ಅಕ್ಷರ ಮೀರಿದೆ ಎಂಬಂಥ ಆಕ್ಷೇಪಗಳನ್ನು ಅದು ಮೊದಲೇ ಹೇಳುತ್ತದೆ. ಬಳಕೆದಾರರಿಗೆ ಗೊತ್ತಾಗುವ ಬದಲಾವಣೆಯಾದರೆ ‘ನ್ಯೂಸ್’ ಕಡತದಲ್ಲೂ ಒಂದು ಸಾಲು ಸೇರಿಸಬೇಕು.

ಬ್ಯಾಕ್‌ಪೋರ್ಟ್, ಅಂದರೆ ಪರಿಹಾರವನ್ನು ಹಳೆಯ ಬ್ರಾಂಚಿಗೆ ಒಯ್ಯುವುದು, ಮೇನ್‌ಗೆ ಸೇರಿದ ಮೇಲಿನ ಕೆಲಸ. ನಿಮ್ಮ ಸ್ವಂತ ಪ್ರತಿಯಲ್ಲಿ ಒಯ್ಯುವಾಗ ‘ಗಿಟ್ ಚೆರ್ರಿ-ಪಿಕ್ -ಎಕ್ಸ್’ ಬಳಸಿದರೆ ಮೂಲ ಕಮಿಟ್ ಯಾವುದೆಂಬ ದಾಖಲೆ ಉಳಿಯುತ್ತದೆ. ಘರ್ಷಣೆಯಿಲ್ಲದೆ ಹೊಂದಿಕೊಂಡಿತೆಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ. ಆ ಬ್ರಾಂಚಿನಲ್ಲೂ ನಿಮ್ಮ ಪರೀಕ್ಷೆ ಮೊದಲು ಸೋತು ಆಮೇಲೆ ಗೆಲ್ಲುವುದನ್ನು ನೋಡಬೇಕು.

9. ಓಡುತ್ತಿರುವ ಸ್ವಿಚ್ಚಿನ ಆವೃತ್ತಿ ಬದಲಾಯಿಸುವುದು

ಮೊದಲು ‘ಓವಿಎಸ್‌ಡಿಬಿ-ಕ್ಲೈಂಟ್ ಬ್ಯಾಕಪ್’ ಆಜ್ಞೆಯಿಂದ ಡೇಟಾಬೇಸಿನ ಪ್ರತಿ ತೆಗೆದಿಡಿ. ಹೊಸ ಆವೃತ್ತಿ ಡೇಟಾಬೇಸಿನ ಸ್ಕೀಮಾವನ್ನು, ಅಂದರೆ ಕೋಷ್ಟಕಗಳ ವಿನ್ಯಾಸವನ್ನು, ಬದಲಾಯಿಸಬಹುದು. ಹಿಂದಿರುಗುವಾಗ ಹಳೆಯ ವಿನ್ಯಾಸದಲ್ಲಿ ಇಲ್ಲದ ಅಂಕಣಗಳ ಮಾಹಿತಿ ಕಳೆದುಹೋಗುತ್ತದೆ.

ಓವಿಎಸ್-ಒಎಫ್‌ಸಿಟಿಎಲ್ ಮೂಲಕ ಕೈಯಾರೆ ಸೇರಿಸಿದ ಫ್ಲೋಗಳು ಡೇಟಾಬೇಸ್‌ನಲ್ಲಿ ಇರುವುದಿಲ್ಲ ಎಂಬುದು ಅನೇಕರಿಗೆ ಆವೃತ್ತಿ ಬದಲಾಯಿಸಿದ ದಿನವೇ ತಿಳಿಯುತ್ತದೆ. ಅವು ಡೀಮನ್‌ನ ಮೆಮೊರಿಯಲ್ಲಿ ಮಾತ್ರ ಇರುತ್ತವೆ. ‘ಓವಿಎಸ್-ಸಿಟಿಎಲ್ ರೀಸ್ಟಾರ್ಟ್’ ಅವನ್ನು ಉಳಿಸಿ ಮರಳಿ ತುಂಬುತ್ತದೆ. ತುಂಬುವವರೆಗೆ ಅರೆಬರೆ ನಿಯಮಗಳಿಂದ ಪ್ಯಾಕೆಟ್ ಸಾಗದಂತೆ ‘ಫ್ಲೋ-ರಿಸ್ಟೋರ್-ವೇಟ್’ ಎಂಬ ಸೂಚನೆ ತಡೆಯುತ್ತದೆ. ಡೀಮನ್‌ಗಳನ್ನು ಬೇರೆ ರೀತಿಯಲ್ಲಿ ಕೊಂದು ಎಬ್ಬಿಸಿದರೆ ಈ ರಕ್ಷಣೆ ಇಲ್ಲ.

ಪಿಂಗ್ ಒಂದನ್ನು ಓಡಲು ಬಿಟ್ಟು, ಅದು ಕಡಿಯಲಿಲ್ಲವಾದ್ದರಿಂದ ಎಲ್ಲವೂ ಸರಿಯಿದೆ ಎನ್ನುವುದು ಇಲ್ಲಿ ಅತಿ ಸಾಮಾನ್ಯ ತಪ್ಪು. ಡೀಮನ್ ನಿಂತಿದ್ದರೂ ಕರ್ನಲ್‌ನಲ್ಲಿ ಈಗಾಗಲೇ ಕುಳಿತಿರುವ ಫ್ಲೋಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿರಬಹುದು, ಮತ್ತು ನಿಮ್ಮ ಪಿಂಗ್ ಅಂಥ ಫ್ಲೋದಲ್ಲೇ ಹರಿಯುತ್ತಿರುತ್ತದೆ. ಕಷ್ಟವಾಗುವುದು ಹೊಸ ಸಂಪರ್ಕಗಳಿಗೆ, ಅವುಗಳ ಮೊದಲ ಪ್ಯಾಕೆಟ್ ಅಪ್‌ಕಾಲ್ ಆಗಬೇಕು. ಆದ್ದರಿಂದ ಅದುವರೆಗೆ ಮಾತಾಡದ ಎರಡು ಯಂತ್ರಗಳ ನಡುವೆ, ಬೇರೆ ಬೇರೆ ಪೋರ್ಟ್ ಸಂಖ್ಯೆಗಳಲ್ಲಿ ಹೊಸ ಸಂಪರ್ಕಗಳನ್ನು ತೆರೆಯುತ್ತ ಪರೀಕ್ಷಿಸಿ.

ಕೊನೆಯಲ್ಲಿ ಆವೃತ್ತಿಯನ್ನು ಖಚಿತಪಡಿಸಿಕೊಳ್ಳಲು ‘ಓವಿಎಸ್-ವಿಎಸ್‌ಸಿಟಿಎಲ್ --ವರ್ಷನ್’ ಕೇಳಬೇಡಿ. ಅದು ಹೇಳುವುದು ಆ ಉಪಕರಣದ ಆವೃತ್ತಿಯನ್ನು. ‘ಓವಿಎಸ್-ಆ್ಯಪ್‌ಸಿಟಿಎಲ್ ವರ್ಷನ್’ ಓಡುತ್ತಿರುವ ಡೀಮನ್‌ನನ್ನೇ ಕೇಳಿ ಹೇಳುತ್ತದೆ. ಪ್ಯಾಕೇಜ್ ಹೊಸದಾಗಿದ್ದು ಡೀಮನ್ ಹಳೆಯದೇ ಓಡುತ್ತಿರುವುದು ಅಪರೂಪವಲ್ಲ.

10. ಅನಂತರದ ನಿಗಾ ಮತ್ತು ದೋಷ ವರದಿ

ಓವಿಎಸ್-ಆ್ಯಪ್‌ಸಿಟಿಎಲ್‌ನ ‘ಅಪ್‌ಕಾಲ್/ಶೋ’ದಲ್ಲಿ ಸದ್ಯದ ಫ್ಲೋಗಳ ಸಂಖ್ಯೆ, ಮಿತಿ ಮತ್ತು ಡಂಪ್ ಅವಧಿ (ಫ್ಲೋಗಳನ್ನೆಲ್ಲ ಒಮ್ಮೆ ಪರಿಶೀಲಿಸಲು ಹಿಡಿದ ಹೊತ್ತು) ಕಾಣುತ್ತವೆ. ಮಿತಿ ಸಾಮಾನ್ಯವಾಗಿ 2,00,000. ಫ್ಲೋಗಳನ್ನು ಪರಿಶೀಲಿಸಿ ಮುಗಿಸಲು ಹೊತ್ತು ಹಿಡಿದಷ್ಟೂ ಡೀಮನ್ ಈ ಮಿತಿಯನ್ನು ತಾನಾಗಿಯೇ ತಗ್ಗಿಸುತ್ತದೆ. ಆವೃತ್ತಿ ಬದಲಾಯಿಸುವ ಮೊದಲೇ ಈ ಅಂಕಿಗಳನ್ನೂ ‘ಕವರೇಜ್/ಶೋ’, ‘ಮೆಮೊರಿ/ಶೋ’ಗಳ ಉತ್ತರಗಳನ್ನೂ ಬರೆದಿಟ್ಟುಕೊಂಡಿದ್ದರೆ ಹೋಲಿಸಲು ಆಧಾರವಿರುತ್ತದೆ. ಫ್ಲೋ ಸಾಮಾನ್ಯವಾಗಿ 10 ಸೆಕೆಂಡು ನಿಷ್ಕ್ರಿಯವಾಗಿದ್ದರೆ ಡೇಟಾಪಾತ್‌ನಿಂದ ಅಳಿಯುವುದರಿಂದ, ತೊಂದರೆ ಕಂಡ ಗಳಿಗೆಯಲ್ಲೇ ‘ಡಿಪಿಸಿಟಿಎಲ್/ಡಂಪ್-ಫ್ಲೋಸ್’ ತೆಗೆದಿಡಬೇಕು. ಚಹಾ ಕುಡಿದು ಬಂದು ನೋಡಿದರೆ ಸಾಕ್ಷಿ ಹೋಗಿರುತ್ತದೆ.

ದೋಷ ವರದಿಯಲ್ಲಿ ಡೀಮನ್‌ನ ಆವೃತ್ತಿ, ಕರ್ನಲ್ ಅಥವಾ ಡಿಪಿಡಿಕೆ ಆವೃತ್ತಿ, ಡೇಟಾಪಾತ್ ಯಾವುದು, ‘ಓವಿಎಸ್-ವಿಎಸ್‌ಸಿಟಿಎಲ್ ಶೋ’ದ ಉತ್ತರ, ಸಂಬಂಧಿಸಿದ ಫ್ಲೋಗಳು ಮತ್ತು ಲಾಗ್ ಇರಲಿ. ಒಳಜಾಲದ ವಿಳಾಸಗಳನ್ನು ಮರೆಮಾಡಿ. ಆದರೆ ಒಂದೇ ವಿಳಾಸವನ್ನು ಎಲ್ಲ ಕಡೆಯೂ ಒಂದೇ ಬದಲಿ ಹೆಸರಿನಿಂದ ಮರೆಮಾಡಿ, ಇಲ್ಲದಿದ್ದರೆ ಓದುವವರಿಗೆ ಫ್ಲೋಗಳ ಸಂಬಂಧವೇ ತಿಳಿಯುವುದಿಲ್ಲ. ಹೊರಗಿನಿಂದ ಬಂದ ಪ್ಯಾಕೆಟ್ ಡೀಮನ್ನನ್ನು ಕೆಡವುತ್ತಿದ್ದರೆ ಅದು ಭದ್ರತಾ ದೋಷ. ಅಂಥದ್ದನ್ನು ಸಾರ್ವಜನಿಕವಾಗಿ ಬರೆಯಬೇಡಿ. ಯೋಜನೆಯ ದಾಖಲೆಯಲ್ಲಿ ಕೊಟ್ಟಿರುವ ಭದ್ರತಾ ತಂಡದ ಖಾಸಗಿ ವಿಳಾಸಕ್ಕೆ, ಆ ಪ್ಯಾಕೆಟ್ಟಿನ ಸೆರೆಹಿಡಿದ ಪ್ರತಿಯ ಜೊತೆ ಕಳಿಸಿ, ಪರಿಹಾರ ಬಿಡುಗಡೆಯಾಗುವವರೆಗೆ ನಿಮ್ಮ ಪರೀಕ್ಷೆಯನ್ನೂ ಹೊರಗೆ ಹಾಕದೆ ಇಟ್ಟುಕೊಳ್ಳಿ.